ಹೆಸರು ನಮ್ದು, ಪುಡಿ ನಮ್ದಲ್ಲ



ಹೋದ ವರ್ಷ ಶ್ರಾವಣದ ಒಂದು ಮಧ್ಯಾಹ್ನ ಹುಬ್ಬಳ್ಳಿಯ ನನ್ನ ಕಚೇರಿಗೆ ಐವತ್ತೈದರ ಆಸುಪಾಸಿನ ತಾಯಿಯೊಬ್ಬರು ಬಂದರು. ಕೈಯಲ್ಲಿ ಎರಡು ಪ್ಯಾಕೆಟ್ ಶೇಂಗಾ ಚಟ್ನಿಪುಡಿ, ಬಗಲಲ್ಲಿ ಗಾಜು ಹಾಕಿಸಿದ ಒಂದು ಚೌಕಟ್ಟು. ಪ್ಯಾಕೆಟ್‌ಗಳನ್ನು ಮೇಜಿನ ಮೇಲಿಟ್ಟು, "ವಕೀಲ್ರ, ಮೊದಲ ಎರಡೂ ತಿಂದ್ ನೋಡ್ರಿ" ಅಂದರು. ಒಂದು ಕುಟ್ಟಿದ ಪುಡಿ. ಬೆಳ್ಳುಳ್ಳಿಯ ಘಮ, ಬೆರಳಿಗೆ ಹತ್ತುವ ಶೇಂಗಾದ ಎಣ್ಣೆ. ಇನ್ನೊಂದು ಮಿಕ್ಸರ್‌ನಲ್ಲಿ ತಿರುವಿದ ಒಣ ಹಿಟ್ಟು, ಉಪ್ಪು ಖಾರ ಬಿಟ್ಟರೆ ಬೇರೆ ರುಚಿಯೇ ಇಲ್ಲ. "ಎರಡಕ್ಕೂ ಒಂದ ಹೆಸರೈತಿ ನೋಡ್ರಿ. ಎರಡನೇದ್ದು ನಾನ ಫೋನಿನ್ಯಾಗ ತರಿಸೀನಿ. ಹೆಸರು ನಮ್ದು, ಫೋಟೋ ನಮ್ದು, ಪುಡಿ ನಮ್ದಲ್ಲ."

ಆ ಹೆಸರು ಅವರ ಅತ್ತೆಯದು. ಅರ್ಜಿ ಇನ್ನೂ ನಡೆಯುತ್ತಿರುವುದರಿಂದ ಇಲ್ಲಿ ಹೇಳುವುದಿಲ್ಲ. ಅತ್ತೆ ಒರಳಿನಲ್ಲಿ ಕುಟ್ಟುತ್ತಿದ್ದ ಪುಡಿಯನ್ನು ಮೊದಲು ಓಣಿಯವರು ಕೇಳಿ ಒಯ್ಯುತ್ತಿದ್ದರು. ಆಮೇಲೆ ಮದುವೆ ಮನೆಯವರು ಬಂದರು, ಆಮೇಲೆ ಪುಣೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿಗೆ ಬುತ್ತಿ ಕಟ್ಟಿ ಕಳಿಸುವ ತಾಯಂದಿರು ಬಂದರು. 2009ರಲ್ಲಿ ಹೆಸರಿನ ಚೀಟಿ ಅಚ್ಚು ಹಾಕಿಸಿದರು. ಈಗ ಆ ಮನೆಯ ಹಿತ್ತಲಲ್ಲಿ ಹನ್ನೊಂದು ಹೆಣ್ಣುಮಕ್ಕಳು ದುಡಿಯುತ್ತಾರೆ. ಕೆಲವು ವರ್ಷಗಳ ಹಿಂದೆ ಆ ತಾಯಿಯ ಮಗ ಪುಡಿಯನ್ನು ದೊಡ್ಡದೊಂದು ಆನ್‌ಲೈನ್ ಮಾರುಕಟ್ಟೆಗೆ ಏರಿಸಿದ. ಊರು ದಾಟಿ, ರಾಜ್ಯ ದಾಟಿ ಮಾರಾಟವಾಗತೊಡಗಿತು.

ಕನ್ನಡದಲ್ಲಿ ‘ಹೆಸರು’ ಎಂಬ ಮಾತಿಗೆ ಎರಡು ಅರ್ಥ. ಕೂಗಿ ಕರೆಯುವುದೂ ಹೆಸರೇ, ದುಡಿದು ಗಳಿಸುವುದೂ ಹೆಸರೇ. ತೊಟ್ಟಿಲಲ್ಲಿ ಇಟ್ಟ ಹೆಸರು, ಊರಲ್ಲಿ ತೆಗೆದುಕೊಂಡ ಹೆಸರು ಎರಡನ್ನೂ ನಾವು ಒಂದೇ ಪದದಲ್ಲಿ ಹೇಳುತ್ತೇವೆ. ಟ್ರೇಡ್‌ಮಾರ್ಕ್ ಕಾನೂನು ಕಾಯುವುದು ಈ ಎರಡನೆಯ ಹೆಸರನ್ನು. ಪ್ಯಾಕೆಟ್ ಮೇಲಿನ ಅಕ್ಷರಗಳನ್ನು ನೋಡಿದ ಕೂಡಲೇ ಗಿರಾಕಿಯ ಮನಸ್ಸಿಗೆ ಇದು ಇಂಥವರ ಕೈಯದು ಎಂದು ಹೊಳೆಯುತ್ತದಲ್ಲ, ಆ ನಂಬಿಕೆಯೇ ಆಸ್ತಿ. ಹೊಲಕ್ಕೆ ಪಹಣಿ ಇದ್ದಂತೆ ಅದಕ್ಕೂ ಕಾಗದ ಬೇಕು, ಬೇಲಿ ಬೇಕು.

ಬೇಲಿಯ ಅಗತ್ಯ ಈಗ ಹೆಚ್ಚಾಗಿರುವುದು ಏಕೆ? ಸಂತೆಯಲ್ಲಿ ನಾವು ಮೆಣಸಿನಕಾಯಿ ಮುರಿದು ನೋಡುತ್ತೇವೆ, ಬೆಲ್ಲದ ಚೂರು ಬಾಯಿಗೆ ಹಾಕಿಕೊಳ್ಳುತ್ತೇವೆ, ಇಳಕಲ್ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ತಿಕ್ಕುತ್ತೇವೆ. ಫೋನಿನ ಪರದೆಯಲ್ಲಿ ಮೂಸುವಂತಿಲ್ಲ, ಮುಟ್ಟುವಂತಿಲ್ಲ. ಅಲ್ಲಿ ಕಣ್ಣಿಗೆ ಕಾಣುವುದು ಹೆಸರು, ಚಿತ್ರ, ಬೆಲೆ, ಹಿಂದೆ ಕೊಂಡವರ ನಾಲ್ಕು ಮಾತು. ಶತಮಾನ ದಾಟಿದ ಮೈಸೂರು ಸ್ಯಾಂಡಲ್ ಸಾಬೂನನ್ನು ಅಂಗಡಿಯಲ್ಲಿ ಕಣ್ಣುಮುಚ್ಚಿ ಗುರುತಿಸಬಲ್ಲವರು ನಮ್ಮಲ್ಲಿ ಲಕ್ಷಾಂತರ ಮಂದಿ. ಪರದೆಯ ಮೇಲೆ ಅದಕ್ಕೆ ಗಂಧವಿಲ್ಲ. ಆನೆಯ ತಲೆ, ಸಿಂಹದ ಮೈ ಇರುವ ಆ ಶರಭದ ಗುರುತು ಮತ್ತು ಹೆಸರು ಎರಡೇ ಅದಕ್ಕೆ ಅಲ್ಲಿ ಸಾಕ್ಷಿ. ಸರ್ಕಾರಿ ಸಂಸ್ಥೆಯ ಆ ಸಾಬೂನನ್ನೂ ನಕಲುದಾರರು ಬಿಟ್ಟಿಲ್ಲ. 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಅದರ ನಕಲಿ ತಯಾರಿಸುತ್ತಿದ್ದ ಜಾಲವೊಂದು ಸಿಕ್ಕಿಬಿತ್ತು. ಸರ್ಕಾರಕ್ಕೇ ಹೀಗಾದರೆ ಹಿತ್ತಲಲ್ಲಿ ಪುಡಿ ಕುಟ್ಟುವವರ ಪಾಡೇನು?

ಆ ತಾಯಿಗೆ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಬಹಳ ಮಂದಿಗೆ ಆಗುತ್ತಿದೆ. ಕೆಲವು ಆನ್‌ಲೈನ್ ಮಾರುಕಟ್ಟೆಗಳಲ್ಲಿ ಒಂದು ಸರಕಿಗೆ ಒಂದೇ ಪುಟ. ಅದನ್ನು ಲಿಸ್ಟಿಂಗ್ ಎನ್ನುತ್ತಾರೆ. ನೀವು ಫೋಟೋ ತೆಗೆಸಿ, ವಿವರ ಬರೆದು, ಗಿರಾಕಿಗಳಿಂದ ಒಳ್ಳೆಯ ರಿವ್ಯೂ ಗಳಿಸಿ ಆ ಪುಟವನ್ನು ಬೆಳೆಸಿರುತ್ತೀರಿ. ಒಂದು ದಿನ ಬೇರೊಬ್ಬ ಮಾರಾಟಗಾರ ಬಂದು, ಇದೇ ಸರಕು ನನ್ನಲ್ಲೂ ಇದೆ ಎಂದು ಒಂದು ಗುಂಡಿ ಒತ್ತಿ ಅದೇ ಪುಟಕ್ಕೆ ಅಂಟಿಕೊಳ್ಳುತ್ತಾನೆ. ಬೆಲೆ ಹತ್ತು ರೂಪಾಯಿ ಕಡಿಮೆ ಇಡುತ್ತಾನೆ. ಗಿರಾಕಿ ‘ಖರೀದಿಸಿ’ ಎಂದು ಒತ್ತಿದರೆ ಆದೇಶ ಅವನಿಗೆ ಹೋಗುತ್ತದೆ. ಕೆಟ್ಟ ಪುಡಿ ತಿಂದವರ ಬೈಗುಳ ಮಾತ್ರ ನಿಮ್ಮ ಹೆಸರಿನ ಕೆಳಗೆ ಬಂದು ಕೂರುತ್ತದೆ. ತೋಟ ನಿಮ್ಮದು, ಕೊಯ್ಲು ಅವನದು, ಕಂದಾಯ ಮತ್ತೆ ನಿಮ್ಮದು. 2022ರಲ್ಲಿ ದೆಹಲಿ ಹೈಕೋರ್ಟ್ ಉಡುಪು ಮಾರುವವರೊಬ್ಬರ ಪ್ರಕರಣದಲ್ಲಿ, ಇನ್ನೊಬ್ಬರ ಹೆಸರು ಮತ್ತು ಚಿತ್ರಗಳಿಗೆ ಹೀಗೆ ಜೋತುಬೀಳಲು ಅವಕಾಶ ಕೊಡಬಾರದೆಂದು ಫ್ಲಿಪ್‌ಕಾರ್ಟ್‌ಗೆ ಆದೇಶಿಸಿತು. ಒಳ್ಳೆಯ ಆದೇಶ. ಆದರೆ ಪ್ರತಿಯೊಬ್ಬರೂ ದೆಹಲಿಗೆ ಹೋಗಲಾದೀತೇ?

ಮಾರುಕಟ್ಟೆಯವರಿಗೇ ದೂರು ಕೊಡಬಹುದು. ಮಗ ಕೊಟ್ಟಿದ್ದ. ಅವರು ಕೇಳಿದ್ದು ಒಂದೇ ಮಾತು: ನಿಮ್ಮ ಟ್ರೇಡ್‌ಮಾರ್ಕ್ ಸಂಖ್ಯೆ ಕೊಡಿ. ಆಗ ಮನೆಯ ಗೋಡೆಯಿಂದ ಇಳಿದು ಬಂದದ್ದು ಆ ಚೌಕಟ್ಟು. ನಾನು ಗಾಜಿನೊಳಗಿನ ಕಾಗದ ಓದಿದೆ. ಅದು ನೋಂದಣಿಯ ಪ್ರಮಾಣಪತ್ರ ಆಗಿರಲಿಲ್ಲ. ನಾಲ್ಕು ವರ್ಷದ ಹಿಂದೆ ಅರ್ಜಿ ಹಾಕಿದ್ದಕ್ಕೆ ಬಂದ ಸ್ವೀಕೃತಿ ಪತ್ರ. ಅದಕ್ಕೆ ಕುಂಕುಮ ಹಚ್ಚಿ, ಗಾಜು ಹಾಕಿಸಿ, ದೇವರ ಪಟದ ಪಕ್ಕದಲ್ಲಿ ತೂಗುಹಾಕಿದ್ದರು. ಟ್ರೇಡ್‌ಮಾರ್ಕ್ ರಿಜಿಸ್ಟ್ರಿಯ ವೆಬ್‌ಸೈಟ್‌ನಲ್ಲಿ ಆ ಅರ್ಜಿ ಸಂಖ್ಯೆ ಹಾಕಿದೆ. ‘ಅಬ್ಯಾಂಡನ್ಡ್’ ಎಂದು ಬಂತು. ಅಂದರೆ, ಅರ್ಜಿದಾರರೇ ಕೈಬಿಟ್ಟಿದ್ದಾರೆ ಎಂದು ಲೆಕ್ಕ. "ನಾವ್ಯಾವಾಗ ಬಿಟ್ಟೇವ್ರಿ?" ಎಂದು ಅವರು ಕೇಳಿದ ದನಿಯನ್ನು ನಾನು ಇನ್ನೂ ಮರೆತಿಲ್ಲ.

ಆದದ್ದು ಇಷ್ಟು. ಅಂತರ್ಜಾಲದಲ್ಲಿ ಜಾಹೀರಾತು ನೋಡಿ ಯಾವುದೋ ಏಜೆನ್ಸಿಗೆ ಮಗ ಹಣ ಕಟ್ಟಿದ್ದ. ಅವರು ಅರ್ಜಿ ಹಾಕಿದ್ದರು, ಅದು ಸುಳ್ಳಲ್ಲ. ಅರ್ಜಿ ಪರಿಶೀಲನೆ ದಾಟಿ ಟ್ರೇಡ್ ಮಾರ್ಕ್ಸ್ ಜರ್ನಲ್‌ನಲ್ಲಿ ಪ್ರಕಟವೂ ಆಗಿತ್ತು. ಹಾಗೆ ಪ್ರಕಟವಾದ ಮೇಲೆ ಯಾರಿಗಾದರೂ ತಕರಾರಿದ್ದರೆ ನಾಲ್ಕು ತಿಂಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಹೆಚ್ಚುಕಡಿಮೆ ಇದೇ ಥರದ ಹೆಸರಿನ ಮಸಾಲೆ ಕಂಪನಿಯೊಂದು ಸಲ್ಲಿಸಿತು. ಅದರ ನೋಟಿಸ್ ತಲುಪಿದ ಎರಡು ತಿಂಗಳೊಳಗೆ ಅರ್ಜಿದಾರರು ಪ್ರತಿಹೇಳಿಕೆ ಕೊಡಬೇಕು, ಕೊಡದಿದ್ದರೆ ಅರ್ಜಿ ಕೈಬಿಟ್ಟಂತೆ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 21ನೇ ಕಲಮು ಹೇಳುವುದು ಹಾಗೆ. ನೋಟಿಸ್ ಹೋದದ್ದು ಅರ್ಜಿಯಲ್ಲಿದ್ದ ಇಮೇಲ್‌ಗೆ. ಆ ಇಮೇಲ್ ಏಜೆನ್ಸಿಯದು. ಅವರು ತೆರೆದರೋ ಇಲ್ಲವೋ, ಇವರಿಗಂತೂ ಒಂದು ಫೋನ್ ಕೂಡ ಬರಲಿಲ್ಲ. ಎರಡು ತಿಂಗಳು ಸದ್ದಿಲ್ಲದೆ ಕಳೆದುಹೋಯಿತು.

ನಾನು ಇವತ್ತು ಇಲ್ಲಿ ಕೂತು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ನಿಮ್ಮ ಹೆಸರಿನ ಪರವಾಗಿ ಮಾತಾಡುವವರು ಯಾರು, ಅವರ ಹತ್ತಿರ ಬಂದ ಕಾಗದ ನಿಮಗೆ ತಲುಪುತ್ತದೆಯೇ? ಅರ್ಜಿಯನ್ನು ನೀವೇ ಹಾಕಬಹುದು. ನಿಮ್ಮ ಬದಲು ಹಾಕುವ ಹಕ್ಕು ಇರುವುದು ವಕೀಲರಿಗೆ, ರಿಜಿಸ್ಟ್ರಿಯಲ್ಲಿ ನೋಂದಾಯಿಸಿಕೊಂಡ ಟ್ರೇಡ್‌ಮಾರ್ಕ್ ಏಜೆಂಟರಿಗೆ, ಇಲ್ಲವೇ ನಿಮ್ಮಲ್ಲೇ ಕಾಯಂ ಕೆಲಸಕ್ಕಿರುವವರಿಗೆ. ಅವರಿಗೆ ನೀವು ಅಧಿಕಾರಪತ್ರವೊಂದಕ್ಕೆ ಸಹಿ ಹಾಕಿ ಅಧಿಕಾರ ಕೊಡುತ್ತೀರಿ. ಸಹಿ ಹಾಕುವ ಮುನ್ನ ಅಲ್ಲಿ ಬರೆದಿರುವ ಹೆಸರು ಯಾರದೆಂದು ಓದಿ. ನಿಮ್ಮೊಡನೆ ಫೋನಿನಲ್ಲಿ ಸಿಹಿಯಾಗಿ ಮಾತಾಡಿದವರು ಒಬ್ಬರು, ಅಧಿಕಾರಪತ್ರದಲ್ಲಿ ಇರುವವರು ಇನ್ನೊಬ್ಬರು ಆಗಿದ್ದರೆ ಆ ಇನ್ನೊಬ್ಬರ ನಂಬರು ಕೇಳಿ ಪಡೆಯಿರಿ. ನಮ್ಮ ರಾಜ್ಯದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಅಲ್ಲಿಂದ ಬರುವ ಪತ್ರಗಳಿಗೆ ಕಾಲಮಿತಿ ಇದೆ. ಪರಿಶೀಲನಾ ವರದಿಗೆ ಒಂದು ತಿಂಗಳಲ್ಲಿ ಉತ್ತರ ಕೊಡಬೇಕು. ತಿಂಗಳು ಎಂಬುದು ಸುಗ್ಗಿಯಲ್ಲೋ ಮಗಳ ಮದುವೆಯಲ್ಲೋ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ.

ನನ್ನ ವೃತ್ತಿಯವರ ಬಗ್ಗೆ ನಾನೇ ಹೀಗೆ ಹೇಳುವುದು ಸುಖದ ಕೆಲಸವಲ್ಲ. ಆದರೆ ಅರ್ಜಿ ಹಾಕುವುದನ್ನೇ ಸೇವೆ ಎಂದು ಮಾರಿ, ಆಮೇಲಿನ ವರ್ಷಗಳ ಕಾವಲನ್ನು ಮರೆತುಬಿಡುವ ಚಾಳಿ ಬೆಳೆದಿದೆ. ಅದರಿಂದ ಹಾನಿ ಆಗುವುದು ಇಂಥ ತಾಯಂದಿರಿಗೆ. ದೊಡ್ಡ ಕಂಪನಿಗಳಿಗೆ ಕಾವಲಿಗೆಂದೇ ವಿಭಾಗಗಳಿವೆ. ಸಣ್ಣವರಿಗೆ ಇರುವುದು ಅರ್ಜಿ ಸಂಖ್ಯೆ ಒಂದೇ. ಆ ಸಂಖ್ಯೆ ಹಾಕಿ ಅರ್ಜಿಯ ಸ್ಥಿತಿ ಏನಾಗಿದೆಯೆಂದು ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಅರ್ಜಿಯಲ್ಲಿ ನಿಮ್ಮದೇ ಇಮೇಲ್, ನಿಮ್ಮದೇ ಮೊಬೈಲ್ ನಂಬರು ಇರಲಿ. ವೆಬ್‌ಸೈಟ್ ಮಾಡಿಸಿದ್ದರೆ ಅದರ ವಿಳಾಸವೂ ನಿಮ್ಮ ಹೆಸರಿನಲ್ಲೇ ನೋಂದಣಿ ಆಗಿರಲಿ. ಮಾಡಿಕೊಟ್ಟ ಹುಡುಗ ತನ್ನ ಹೆಸರಿನಲ್ಲೇ ಬರೆಸಿಕೊಂಡು, ಆಮೇಲೆ ಊರು ಬಿಟ್ಟುಹೋದ ಮೂರು ಪ್ರಕರಣ ನಾನೇ ನೋಡಿದ್ದೇನೆ.

ಇನ್ನೊಂದು ಗೊಂದಲವನ್ನೂ ತೆಗೆದುಬಿಡಬೇಕು. "ನಮ್ದು ಜಿಎಸ್‌ಟಿ ಐತಿ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಐತಿ, ಉದ್ಯಮ್ ಸರ್ಟಿಫಿಕೇಟೂ ಐತಿ" ಎಂದು ಆ ತಾಯಿ ಒಂದೊಂದೇ ಕಾಗದ ತೆಗೆದಿಟ್ಟರು. ಮೊದಲನೆಯದು ತೆರಿಗೆಯದು, ಎರಡನೆಯದು ಆಹಾರ ಸುರಕ್ಷತೆಯದು, ಮೂರನೆಯದು ನೀವು ಸಣ್ಣ ಉದ್ಯಮಿ ಎಂದು ಹೇಳುವಂಥದು. ಹೆಸರು ನಿಮ್ಮದು ಎಂದು ಇವ್ಯಾವುವೂ ಹೇಳುವುದಿಲ್ಲ. ಉದ್ಯಮ್ ಕಾಗದದಿಂದ ಒಂದು ಉಪಕಾರ ಉಂಟು. ಸಣ್ಣ ಉದ್ಯಮಕ್ಕೆ ಟ್ರೇಡ್‌ಮಾರ್ಕ್ ಅರ್ಜಿಯ ಶುಲ್ಕ ಅರ್ಧಕ್ಕಿಳಿಯುತ್ತದೆ. 2017ರ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಹಾಕಿದರೆ ಒಂದು ವರ್ಗಕ್ಕೆ 9,000 ರೂಪಾಯಿಯ ಬದಲು 4,500. ನೋಂದಣಿ ಆದರೆ ಹತ್ತು ವರ್ಷ, ಆಮೇಲೆ ಹತ್ತತ್ತು ವರ್ಷಕ್ಕೆ ನವೀಕರಣ.

ವರ್ಗ ಎಂದೆ. ಲೋಕದ ಸರಕು ಮತ್ತು ಸೇವೆಗಳನ್ನೆಲ್ಲ 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಹೆಸರಿನ ಹಕ್ಕು ಸಾಮಾನ್ಯವಾಗಿ ಆಯಾ ವರ್ಗಕ್ಕೆ, ಅದಕ್ಕೆ ಹತ್ತಿರದ ಸರಕಿಗೆ ಸೀಮಿತ. ನಂದಿನಿ ಹಾಲು ಕುಡಿಯದ ಕನ್ನಡಿಗರು ಕಡಿಮೆ. ಹಾಲು ಮಹಾಮಂಡಳ 1985ರಿಂದ ಆ ಹೆಸರು ಬಳಸುತ್ತಿದೆ. ಬೆಂಗಳೂರಿನಲ್ಲಿ 1989ರಿಂದ ನಂದಿನಿ ಡಿಲಕ್ಸ್ ಎಂಬ ಊಟದ ಹೋಟೆಲುಗಳೂ ಇವೆ. ಹೋಟೆಲಿನವರು ತಮ್ಮ ಹೆಸರನ್ನು ನೋಂದಾಯಿಸಲು ಹೊರಟಾಗ ಮಹಾಮಂಡಳ ಆಕ್ಷೇಪಿಸಿತು. ಹೈಕೋರ್ಟ್‌ನಲ್ಲಿ ಮಹಾಮಂಡಳದ ಕೈ ಮೇಲಾಗಿತ್ತು. 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿತು. ನಂದಿನಿ ಎಂಬುದು ದೇವತೆಯ ಹೆಸರು, ಪುರಾಣದ ಹಸುವಿನ ಹೆಸರು, ಯಾರೂ ಹೊಸದಾಗಿ ಸೃಷ್ಟಿಸಿದ್ದಲ್ಲ. ಎರಡು ಗುರುತುಗಳ ನೋಟ ಬೇರೆ, ಸರಕೂ ಬೇರೆ. ಆದ್ದರಿಂದ ಹಾಲು ಮತ್ತು ಹಾಲಿನ ಉತ್ಪನ್ನಗಳನ್ನು ಬಿಟ್ಟು ಉಳಿದದ್ದಕ್ಕೆ ಹೋಟೆಲಿನವರು ನೋಂದಣಿ ಪಡೆಯಬಹುದು ಎಂದಿತು. ಇದು ನನಗೆ ನ್ಯಾಯವೆಂದೇ ತೋರುತ್ತದೆ. ಎಲ್ಲರ ನಾಲಗೆಯ ಮೇಲಿರುವ ಪದವನ್ನು ಒಬ್ಬರೇ ಪೂರ್ತಿ ಬಾಚಿಕೊಳ್ಳಬಾರದು.

ಹಾಗಾದರೆ ಗಟ್ಟಿಯಾದ ಹೆಸರು ಯಾವುದು? ಸರಕನ್ನೇ ವರ್ಣಿಸುವ ಹೆಸರು ಬಡಕಲು. ‘ಶುದ್ಧ ತುಪ್ಪ’, ‘ರುಚಿ ಮಸಾಲೆ’ ಎಂದರೆ ನಾಳೆ ಎಲ್ಲರೂ ಅದನ್ನೇ ಬರೆಯುತ್ತಾರೆ, ಬರೆಯುವ ಹಕ್ಕೂ ಅವರಿಗಿದೆ. ಯಾರೂ ಬಳಸದ, ನಿಮ್ಮದೇ ಆದ ಪದ ಬಲಿಷ್ಠ. ಇದಕ್ಕೆ ಬೆಂಗಳೂರಿನಲ್ಲೇ ಶುರುವಾದ ಒಂದು ದಾವೆಯ ಕತೆ ಇದೆ. ಸತ್ಯಂ ಇನ್ಫೋವೇ ಎಂಬ ಕಂಪನಿ ತನ್ನ ಹೆಸರಿನ ಅಕ್ಷರಗಳನ್ನು ಕೂಡಿಸಿ ‘ಸಿಫಿ’ ಎಂಬ ಪದ ಕಟ್ಟಿ 1999ರಲ್ಲಿ ಸಿಫಿನೆಟ್ ಮುಂತಾದ ಅಂತರ್ಜಾಲ ವಿಳಾಸಗಳನ್ನು ಪಡೆಯಿತು. ಎರಡು ವರ್ಷದ ನಂತರ ಇನ್ನೊಂದು ಕಂಪನಿ ಅದೇ ಪದಕ್ಕೆ ಇಂಗ್ಲಿಷಿನ ಒಂದು ಎಫ್ ಅಕ್ಷರ ಹೆಚ್ಚಿಗೆ ಸೇರಿಸಿ ತನ್ನ ವಿಳಾಸ ಮಾಡಿಕೊಂಡಿತು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ, ಕಿವಿಗೂ ಒಂದೇ. ನಗರ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ತೆರವು ಮಾಡಿತು. 2004ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಜಾರಿಗೆ ತಂದಿತು. ಅಂತರ್ಜಾಲ ವಿಳಾಸಗಳಿಗೆಂದೇ ಪ್ರತ್ಯೇಕ ಕಾನೂನು ಇಲ್ಲದಿದ್ದರೂ, ಅಂಥ ವಿಳಾಸವೂ ವ್ಯಾಪಾರದ ಹೆಸರಿನ ಕೆಲಸವನ್ನೇ ಮಾಡುತ್ತದೆ, ಆದ್ದರಿಂದ ಟ್ರೇಡ್‌ಮಾರ್ಕ್ ನ್ಯಾಯ ಅದಕ್ಕೂ ಸಲ್ಲುತ್ತದೆ ಎಂಬುದು ಆ ತೀರ್ಪಿನ ತಿರುಳು. ಇಪ್ಪತ್ತು ವರ್ಷವಾದ ಮೇಲೂ ನಾವು ವಕೀಲರು ಅದನ್ನೇ ಹಿಡಿದು ವಾದಿಸುತ್ತೇವೆ.

ವಿಳಾಸದ ಬೆಲೆ ಎಷ್ಟೆಂದು ಸರ್ಕಾರಿ ಬಸ್ಸು ಹತ್ತುವವರಿಗೂ ಗೊತ್ತು. ಕೆಎಸ್‌ಆರ್‌ಟಿಸಿ ಎಂಬ ಅಕ್ಷರಗಳು ನಮ್ಮ ರಾಜ್ಯದ ಸಾರಿಗೆ ಸಂಸ್ಥೆಗೂ ಸೇರಿದವು, ಕೇರಳದ್ದಕ್ಕೂ ಸೇರಿದವು. ಟಿಕೆಟ್ ಕಾಯ್ದಿರಿಸುವುದು ಫೋನಿಗೆ ಬಂದ ಮೇಲೆ ಆ ಅಕ್ಷರ ಹುಡುಕಿದರೆ ಯಾರ ಪುಟ ಬರುತ್ತದೆ ಎಂಬುದು ದುಡ್ಡಿನ ಪ್ರಶ್ನೆಯಾಯಿತು. ನಮ್ಮವರು 2013ರಲ್ಲಿ ನೋಂದಣಿ ಪಡೆದರು, ಕೇರಳದವರು ಪ್ರಶ್ನಿಸಿದರು, 2023ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಮನವಿಯನ್ನು ತಳ್ಳಿಹಾಕಿತು.

ಹುಡುಕಾಟದ ಜಾಹೀರಾತುಗಳ ವಿಷಯವೂ ಹೀಗೇ. ನಿಮ್ಮ ಹೆಸರನ್ನು ಟೈಪ್ ಮಾಡಿದವರಿಗೆ ಮೇಲುಗಡೆ ಬೇರೆಯವರ ಜಾಹೀರಾತು ಕಾಣುವಂತೆ ಹಣ ಕಟ್ಟಬಹುದು. ಅಗರ್ವಾಲ್ ಪ್ಯಾಕರ್ಸ್ ಪ್ರಕರಣದಲ್ಲಿ 2023ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿದ್ದೇನೆಂದರೆ, ಹಾಗೆ ಹಣ ಕಟ್ಟುವುದೇ ತಪ್ಪಲ್ಲ, ಗಿರಾಕಿಗೆ ಗೊಂದಲವಾದರೆ ತಪ್ಪು. ಅಂಥ ಜಾಹೀರಾತು ಮಾರುವ ಗೂಗಲ್ ಆ ವ್ಯವಹಾರದಲ್ಲಿ ಸುಮ್ಮನೆ ನಿಂತು ನೋಡುವ ಸಂಸ್ಥೆಯಲ್ಲ ಎಂದೂ ಹೇಳಿತು.

ಮತ್ತೆ ಚಟ್ನಿಪುಡಿಗೆ ಬರೋಣ. ಸತ್ತ ಅರ್ಜಿಯನ್ನು ಬದುಕಿಸುವ ದಾರಿ ಕಾಣಲಿಲ್ಲ. ಹೊಸ ಅರ್ಜಿ ಹಾಕುವುದೆಂದಾಯಿತು. ಆದರೆ ಒಂದು ಆಸರೆ ಇತ್ತು. ನಮ್ಮ ಕಾನೂನಿನಲ್ಲಿ ನೋಂದಣಿಗಿಂತ ಹಳೆಯದು ಬಳಕೆ. ಮೊದಲಿಂದ ಪ್ರಾಮಾಣಿಕವಾಗಿ ಹೆಸರು ಬಳಸಿಕೊಂಡು ಬಂದವರನ್ನು ಆಮೇಲೆ ನೋಂದಾಯಿಸಿಕೊಂಡವರು ತಡೆಯುವಂತಿಲ್ಲ. ಕಾಯ್ದೆಯ 34ನೇ ಕಲಮು ಇದನ್ನೇ ಹೇಳುತ್ತದೆ. ತಿರುನಲ್ವೇಲಿಯ ಇರುಟ್ಟುಕಡೈ ಹಲ್ವಾದ ಅಂಗಡಿಯವರು ತಮ್ಮ ಹೆಸರಿಗಾಗಿ ಹೋರಾಡಿ ಗೆದ್ದ 2015ರ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಮೊದಲ ಬಳಕೆದಾರರ ಹಕ್ಕನ್ನು ಎತ್ತಿಹಿಡಿಯಿತು. ಹೀಗೆ ಹಳೆಯ ಬಳಕೆ ಇದೆ ಎನ್ನುವವರು ಅಫಿಡವಿಟ್ ಜೊತೆ ಸಾಕ್ಷಿ ಕೊಡಬೇಕು.

"ಹಳೇ ಕಾಗದ ಏನೇನು ಅದಾವ ಅಕ್ಕಾರ?" ಎಂದೆ. ಮರುದಿನ ಒಂದು ಟ್ರಂಕ್ ಬಂತು. 2009ರ ಅಚ್ಚಿನ ಮನೆಯ ರಸೀದಿ, ಎಣ್ಣೆಯ ಕಲೆ ಬಿದ್ದ ಬಿಲ್ ಪುಸ್ತಕಗಳು, ಕೃಷಿ ಮೇಳದ ಮಳಿಗೆಯಲ್ಲಿ ಅತ್ತೆ ಕೂತಿರುವ ಫೋಟೋ, ಹಿಂದೆ ಬಟ್ಟೆಯ ಬ್ಯಾನರ್ ಮೇಲೆ ಅದೇ ಹೆಸರು. ಮೂವತ್ತು ವರ್ಷದ ವೃತ್ತಿಯಲ್ಲಿ ನಾನು ನೋಡಿದ ಅತ್ಯುತ್ತಮ ದಾಖಲೆಗಳಲ್ಲಿ ಅದೊಂದು. ಏನನ್ನೂ ಎಸೆಯದ ಆ ಅತ್ತೆಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಇನ್ನೊಂದು ಒಳ್ಳೆಯ ಕೆಲಸವನ್ನು ಆ ತಾಯಿ ಯಾರೂ ಹೇಳಿಕೊಡದೆ ಮಾಡಿದ್ದರು. ನಕಲಿ ಪುಡಿಯನ್ನು ತಾವೇ ಹಣ ಕೊಟ್ಟು ತರಿಸಿದ್ದರು. ಅದರ ಬಿಲ್ಲಿನಲ್ಲಿ ಮಾರಾಟಗಾರನ ಹೆಸರು, ಜಿಎಸ್‌ಟಿ ಸಂಖ್ಯೆ, ಊರು ಎಲ್ಲವೂ ಇದ್ದವು. ನಿಮಗೂ ಹೀಗಾದರೆ ಬೈದು ಸುಮ್ಮನಾಗಬೇಡಿ. ಒಂದು ಪ್ಯಾಕೆಟ್ ತರಿಸಿ, ಡಬ್ಬಿ ಬಿಚ್ಚುವುದನ್ನು ವಿಡಿಯೊ ಮಾಡಿ, ಬಿಲ್ಲು ಜೋಪಾನ ಮಾಡಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರ ಯಾರೆಂಬುದನ್ನು ಮಾರುಕಟ್ಟೆಯವರು ಗಿರಾಕಿಗೆ ತೋರಿಸಲೇಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಕೊಳ್ಳುವವರಿಗೂ ನನ್ನದೊಂದು ಬೇಡಿಕೆ. ‘ಖರೀದಿಸಿ’ ಒತ್ತುವ ಮುನ್ನ ‘ಮಾರುವವರು’ ಎಂಬಲ್ಲಿ ಯಾರ ಹೆಸರಿದೆ ಎಂದು ಒಮ್ಮೆ ಕಣ್ಣಾಡಿಸಿ. ಹತ್ತು ರೂಪಾಯಿ ಉಳಿಯುತ್ತದೆಂದು ಹನ್ನೊಂದು ಹೆಣ್ಣುಮಕ್ಕಳ ಕೂಲಿ ಯಾರದೋ ಕಿಸೆಗೆ ಹೋಗದಿರಲಿ.

ಹೊಸ ಅರ್ಜಿಯ ಸಂಖ್ಯೆ, ನಕಲಿ ಪುಡಿಯ ಬಿಲ್ಲು, ಎರಡೂ ಪ್ಯಾಕೆಟ್‌ಗಳ ಚಿತ್ರ ಸೇರಿಸಿ ದೂರು ಕಳಿಸಿದೆವು. ಆ ಮಾರುಕಟ್ಟೆ ಅರ್ಜಿಯ ಸಂಖ್ಯೆಯನ್ನೇ ಒಪ್ಪಿಕೊಂಡಿತು. ಆರನೆಯ ದಿನ ಆ ಮಾರಾಟಗಾರ ಪುಟದಿಂದ ಕೆಳಗಿಳಿದ. ಕೆಟ್ಟ ರಿವ್ಯೂಗಳಲ್ಲಿ ಕೆಲವು ಮಾತ್ರ ಹೋದವು. ಉಳಿದವಕ್ಕೆ ಆ ತಾಯಿ ಒಂದೊಂದಕ್ಕೂ ಉತ್ತರ ಬರೆಸಿ, ವಿಳಾಸ ಕೊಟ್ಟವರಿಗೆ ತಮ್ಮ ಕೈಯ ಪುಡಿ ಕಳಿಸಿಕೊಟ್ಟರು, ಸ್ವಂತ ಖರ್ಚಿನಲ್ಲಿ.

ಅರ್ಜಿ ಈಗ ಜರ್ನಲ್‌ನಲ್ಲಿ ಪ್ರಕಟವಾಗಿದೆ. ನಾಲ್ಕು ತಿಂಗಳ ಗಡುವು ನಡೆಯುತ್ತಿದೆ. ಇಮೇಲ್ ಅವರದೇ, ಪಾಸ್‌ವರ್ಡ್ ಅವರಿಗೇ ಗೊತ್ತು, ನನಗೂ ಗೊತ್ತಿಲ್ಲ. ಜರ್ನಲ್ ಸೋಮವಾರ ಸೋಮವಾರ ಹೊರಬರುತ್ತದೆ ಎಂದು ಒಮ್ಮೆ ಹೇಳಿದ್ದೆ. ಕಳೆದ ಸೋಮವಾರ ಸಂಜೆ ಫೋನ್ ಬಂತು. "ವಕೀಲ್ರ, ಮೂವತ್ತನೇ ವರ್ಗದಾಗ ನಮ್ಮ ಹೆಸರಿನಂಥದೊಂದು ಬಂದೈತಿ. ಒಂದು ಅಕ್ಷರ ಅಷ್ಟ ಬ್ಯಾರೆ. ಆಕ್ಷೇಪಣಾ ಹಾಕಾಕ ಏನೇನು ತರಬೇಕ್ರಿ?"

"ಟ್ರಂಕ್ ತಗೊಂಡು ಬರ್ರಿ ಅಕ್ಕಾರ" ಎಂದೆ.